ಮೋಟರ್ ಮತ್ತೆ ಸುಡದಂತೆ: ಟಿಸಿಯಿಂದ ಬೋರಿನ ತಳದವರೆಗೆ ಕರೆಂಟಿನ ಲೆಕ್ಕ

ಸುಟ್ಟ ಮೋಟರನ್ನು ವೈಂಡಿಂಗ್ ಅಂಗಡಿಯಲ್ಲಿ ಇಳಿಸಿ, ‘ಆದಮ್ಯಾಲ ಫೋನ್ ಮಾಡ್ರಿ’ ಎಂದು ಹೇಳಿ ಊರಿಗೆ ಹೊರಟುಬಿಡಬೇಡಿ. ಬಿಚ್ಚುವಾಗ ಅರ್ಧ ತಾಸು ಅಲ್ಲೇ ನಿಂತು ತಂತಿ ನೋಡಿ. ಯಾಕೆ ಸುಟ್ಟಿತು ಎಂಬುದು ಅಲ್ಲೇ ಕಾಣುತ್ತದೆ.

ಮೋಟರಿನೊಳಗೆ ಮೂರು ಫೇಸಿನ ಸುರುಳಿಗಳು ಸರದಿಯಂತೆ ಕೂತಿರುತ್ತವೆ. ಮೂರೂ ಒಂದೇ ಸಮನೆ ಕರಕಾಗಿದ್ದರೆ ಲೋ ವೋಲ್ಟೇಜು, ಇಲ್ಲವೇ ಓವರ್‌ಲೋಡು. ಸ್ಟಾರ್ ಕನೆಕ್ಷನ್ನಿನ (ಮೂರೂ ಸುರುಳಿಯ ಒಂದೊಂದು ತುದಿ ಒಂದೇ ಕಡೆ ಕೂಡಿದ) ಮೋಟರಿನಲ್ಲಿ ಎರಡು ಗುಂಪು ಸುಟ್ಟು ಒಂದು ಹೊಸದರಂತೆ ಹೊಳೆಯುತ್ತಿದ್ದರೆ ಒಂದು ಫೇಸ್ ಹೋಗಿತ್ತು ಎಂದರ್ಥ. ಡೆಲ್ಟಾದಲ್ಲಿ (ಸುರುಳಿಗಳು ತ್ರಿಕೋನದಂತೆ ತುದಿಗೆ ತುದಿ ಕೂಡಿದ್ದರೆ) ಇದು ತಿರುಗುಮುರುಗು: ಒಂದೇ ಗುಂಪು ಸುಟ್ಟಿರುತ್ತದೆ, ಎರಡು ಚೆನ್ನಾಗಿರುತ್ತವೆ. ಎಲ್ಲೋ ಒಂದೇ ಕಡೆ ಬೆರಳಗಲ ಕರಗಿ ಉಳಿದದ್ದೆಲ್ಲ ನೆಟ್ಟಗಿದ್ದರೆ ಆ ಜಾಗದ ಇನ್ಸುಲೇಷನ್ ಹರಿದಿತ್ತು. ಸಿಡಿಲಿರಬಹುದು, ವೈಂಡಿಂಗ್ ಮಾಡುವಾಗ ತಂತಿ ಕೆರೆದಿರಬಹುದು. ಸಬ್‌ಮರ್ಸಿಬಲ್ ಮೋಟರಿನ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುವುದರಿಂದ ಕಪ್ಪಾಗುವ ಬದಲು ಕರಗಿ ಅಂಟಿಕೊಂಡಿರುತ್ತದೆ, ಆದರೆ ಲಕ್ಷಣ ಇದೇ.

ಇದನ್ನು ತಿಳಿಯದೆ ವೈಂಡಿಂಗ್ ಮಾಡಿಸಿ ಮತ್ತೆ ಬೋರಿಗೆ ಇಳಿಸಿದರೆ, ಸುಟ್ಟ ಕಾರಣ ಮೇಲೆ ಸ್ಟಾರ್ಟರ್ ಪೆಟ್ಟಿಗೆಯಲ್ಲೇ ಕಾಯುತ್ತಿರುತ್ತದೆ. ಶೇಂಗಾಕ್ಕೆ ಇನ್ನೆರಡು ನೀರು ಬೇಕಾದಾಗಲೇ ಮೋಟರ್ ಮತ್ತೆ ಎತ್ತಿಸುವ ಪಾಳಿ ಬರುತ್ತದೆ.

ದೇಶದಲ್ಲಿ ಕರೆಂಟಿದೆ, ನಿಮ್ಮ ಹೊಲದಲ್ಲಿ ಯಾಕಿಲ್ಲ

ಮುಂಡರಗಿ, ಶಿರಹಟ್ಟಿ ಕಡೆಯ ಹೊಲದಲ್ಲಿ ನಿಂತರೆ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ತಿರುಗುವುದು ಕಾಣುತ್ತದೆ, ಕೆಳಗೆ ಪಂಪು ಗುಂಯ್ ಎನ್ನುತ್ತಾ ನಿಂತಿರುತ್ತದೆ. ‘ನಮ್ಮ ಗುಡ್ಡದ ಕರೆಂಟು ನಮಗ ಇಲ್ಲ’ ಎಂಬ ಮಾತು ಅಲ್ಲಿಂದಲೇ ಹುಟ್ಟಿದ್ದು. ಸಿಟ್ಟು ಸರಿ, ಕಾರಣ ಬೇರೆ. ಗುಡ್ಡದ ಕರೆಂಟು ನೇರವಾಗಿ ನಿಮ್ಮ ಕಂಬಕ್ಕೆ ಬರುವುದಿಲ್ಲ, ಗ್ರಿಡ್ಡಿಗೆ, ಅಂದರೆ ದೊಡ್ಡ ಲೈನುಗಳ ಜಾಲಕ್ಕೆ, ಹೋಗುತ್ತದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ 765 ಕೆವಿ ಲೈನು ಚಾಲೂ ಆದಾಗ ದಕ್ಷಿಣದ ಗ್ರಿಡ್ ಉಳಿದ ದೇಶದ ಗ್ರಿಡ್ಡಿಗೆ ಕೂಡಿಕೊಂಡಿತು. ಅಂದಿನಿಂದ ಶರಾವತಿಯ ನೀರು, ಪಾವಗಡದ ಬಿಸಿಲು, ರಾಯಚೂರಿನ ಕಲ್ಲಿದ್ದಲು, ಗುಜರಾತಿನ ಗಾಳಿ ಎಲ್ಲ ಒಂದೇ ತಾಳದಲ್ಲಿ, ಸೆಕೆಂಡಿಗೆ 50 ಸುತ್ತಿನಂತೆ ಓಡುತ್ತವೆ. 2024ರ ಮೇ 30ರಂದು ದೇಶದ ಬೇಡಿಕೆ ಎರಡೂವರೆ ಲಕ್ಷ ಮೆಗಾವ್ಯಾಟ್ ಮುಟ್ಟಿತ್ತು, ಅದನ್ನೂ ಪೂರೈಸಲಾಯಿತು.

ಈ ತಾಳವೇ ಫ್ರೀಕ್ವೆನ್ಸಿ, ಅಳೆಯುವುದು ಹರ್ಟ್ಸಿನಲ್ಲಿ. ಅದನ್ನು ತೋರಿಸುವ ಮೀಟರಿದ್ದರೆ ನಿಮ್ಮ ಸ್ಟಾರ್ಟರಿಗೆ ಹಚ್ಚಿ ನೋಡಿ. ಹರ್ಟ್ಸ್ 49.9, 50.0 ಹೀಗೆ ತೋರಿಸುತ್ತದೆ, ಅದೇ ಹೊತ್ತಿಗೆ ವೋಲ್ಟೇಜು 340 ಇರಬಹುದು. ಫ್ರೀಕ್ವೆನ್ಸಿ ಇಡೀ ದೇಶದ್ದು, ವೋಲ್ಟೇಜು ನಿಮ್ಮ ಟಿಸಿಯದು (ಹೊಲದ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರ್). ಉತ್ಪಾದನೆ ಕಡಿಮೆಯಾದರೆ ಕರೆಂಟು ಹಂಚುವ ಕಂಪನಿ ಹೆಸ್ಕಾಂ ಪಾಳಿ ತಪ್ಪಿಸುತ್ತದೆ, ತಾಸು ಕಡಿತ ಮಾಡುತ್ತದೆ. ಅದು ಮೇಲಿನ ಸಮಸ್ಯೆ. ಕರೆಂಟು ಇದ್ದೂ ಮೋಟರ್ ಎತ್ತದಿದ್ದರೆ ದೋಷ ಕೊನೆಯ ಕೆಲವು ಕಿಲೋಮೀಟರಿನಲ್ಲಿದೆ, ಅದರಲ್ಲಿ ಅರ್ಧದಷ್ಟನ್ನು ಟಿಸಿ ಹಂಚಿಕೊಂಡ ರೈತರೇ ಸರಿಮಾಡಬಹುದು.

ಮೊದಲು ಅಳೆಯಿರಿ

ಒಂದು ಕ್ಲ್ಯಾಂಪ್ ಮೀಟರ್ (ವೈರು ಕಡಿಯದೆ ಅದರ ಸುತ್ತ ಹಿಡಿದು ಆಂಪಿಯರ್ ನೋಡುವ ಮೀಟರು) ಬೇಕು, ಜತೆಗೆ ಕೈ ಪಳಗಿದ ವೈರ್‌ಮನ್. ಸ್ಟಾರ್ಟರ್ ಪೆಟ್ಟಿಗೆ ತೆರೆದಾಗ ಒಳಗೆ 400 ವೋಲ್ಟ್ ಇರುತ್ತದೆ. ಹಸಿ ಕಾಲು, ಬರಿಗಾಲು ಬೇಡ, ಒಣ ಹಲಗೆಯ ಮೇಲೆ ನಿಲ್ಲಿ.

ಮೂರು ಸಲ ಬರೆದುಕೊಳ್ಳಿ. ಒಂದನೆಯದು, ಟಿಸಿ ಮೇಲಿನ ಎಲ್ಲ ಮೋಟರ್ ಬಂದ್ ಇದ್ದಾಗ ಆರ್, ವೈ, ಬಿ ಎಂಬ ಮೂರು ಫೇಸುಗಳ ಆರ್-ವೈ, ವೈ-ಬಿ, ಬಿ-ಆರ್ ಮೂರೂ ಜೋಡಿಯ ವೋಲ್ಟೇಜು. ಎರಡನೆಯದು, ನಿಮ್ಮದೊಂದೇ ಓಡುವಾಗ. ಮೂರನೆಯದು, ಎಲ್ಲರದೂ ಓಡುವಾಗ. ಆಗ ಪ್ರತಿ ವೈರಿನ ಆಂಪಿಯರೂ ಬೇಕು.

ಬಂದ್ ಇದ್ದಾಗ 425 ಇದ್ದದ್ದು ನಿಮ್ಮ ಮೋಟರ್ ಒಂದನ್ನೇ ಹಚ್ಚಿದಾಗ 390ಕ್ಕೆ ಬಿದ್ದರೆ ದೋಷ ನಿಮ್ಮ ಸರ್ವಿಸ್ ವೈರಿನಲ್ಲೋ ಅದರ ಜಾಯಿಂಟಿನಲ್ಲೋ ಇದೆ. ಅಲ್ಯೂಮಿನಿಯಂ ತಂತಿಗೆ ತಾಮ್ರ ಸುತ್ತಿ ಟೇಪು ಹಚ್ಚಿದ ಜಾಯಿಂಟ್ ಇದ್ದರೆ ಮೊದಲು ಅದನ್ನು ಕತ್ತರಿಸಿ. ಎರಡು ಲೋಹದ ನಡುವೆ ತುಕ್ಕಿನ ಪದರ ಬೆಳೆದು ಅಲ್ಲಿ ಬಿಸಿಯಾಗುತ್ತದೆ. ಬೈಮೆಟಲ್ ಲಗ್ (ಒಂದು ಬದಿ ಅಲ್ಯೂಮಿನಿಯಂ, ಇನ್ನೊಂದು ಬದಿ ತಾಮ್ರ ಇರುವ ಕೊಂಡಿ) ಹಾಕಿಸಿ, ಒತ್ತುಯಂತ್ರದಲ್ಲಿ ಒತ್ತಿಸಿ, ಸುತ್ತಿಗೆಯಿಂದ ಬಡಿಸಬೇಡಿ. ನಿಮ್ಮದೊಂದೇ ಓಡುವಾಗ 418 ಇದ್ದು, ಎಲ್ಲರದೂ ಓಡುವಾಗ 350 ಆದರೆ ದೋಷ ಟಿಸಿಯದು ಅಥವಾ ಅದರ ಆಚೆಯ ಲೈನಿನದು. ಕಂಬ ಹತ್ತದೆಯೇ ಇಷ್ಟು ತಿಳಿದಂತಾಯಿತು.

415ಕ್ಕೆ ಶೇ 6 ಹೆಚ್ಚು ಕಡಿಮೆಯವರೆಗೆ, ಅಂದರೆ 390ರಿಂದ 440 ವೋಲ್ಟ್, ಸರಿಯಾದ ಮಿತಿ. ಅದಕ್ಕಿಂತ ಕೆಳಗೆ ಬಂದರೆ ಶಾಖಾ ಕಚೇರಿಗೆ ಅರ್ಜಿ ಕೊಡಿ. ‘ವೋಲ್ಟೇಜು ಸರಿ ಇಲ್ಲ’ ಎಂದಷ್ಟೇ ಬರೆದರೆ ಅರ್ಜಿ ಫೈಲಿನಲ್ಲೇ ಉಳಿಯುತ್ತದೆ. ನಿಮ್ಮ ಸಂಪರ್ಕದ ಆರ್‌ಆರ್ ನಂಬರು, ಕಂಬದ ಮೇಲೆ ಬರೆದ ಟಿಸಿ ನಂಬರು, ದಿನಾಂಕ, ಹೊತ್ತು, ಮೂರೂ ಅಳತೆ, ಟಿಸಿಗೆ ಎಷ್ಟು ಎಚ್‌ಪಿ ಇದೆ ಎಂಬುದು ಇಷ್ಟಿರಲಿ, ಕೆಳಗೆ ಆ ಟಿಸಿಯ ಎಲ್ಲರ ಸಹಿ ಇರಲಿ. ಸ್ವೀಕೃತಿ ಇಲ್ಲದೆ ಎದ್ದು ಬರಬೇಡಿ.

ಮೂರು ವೈರಿನ ಆಂಪಿಯರಿನಲ್ಲಿ ಒಂದು ಬಹಳ ಹೆಚ್ಚಿದ್ದರೆ ತಪ್ಪು ಲೈನಿನದೋ ಮೋಟರಿನದೋ ಎಂದು ತಿಳಿಯಲು ಒಂದು ಹಳೆಯ ಉಪಾಯವಿದೆ. ಮೇನ್ ತೆಗೆದು, ಮೋಟರಿನ 1-2-3 ವೈರುಗಳನ್ನು ಆರ್-ವೈ-ಬಿಯಿಂದ ಒಂದೊಂದು ಮನೆ ಸರಿಸಿ 3-1-2 ಮಾಡಿ, ಓಡಿಸಿ ನೋಡಿ, ಆಮೇಲೆ 2-3-1. ಹೀಗೆ ಸರಿಸಿದರೆ ತಿರುಗುವ ದಿಕ್ಕು ಬದಲಾಗುವುದಿಲ್ಲ. ಹೆಚ್ಚಿನ ಆಂಪಿಯರ್ ಮೂರೂ ಸಲ ಅದೇ ಫೇಸಿನಲ್ಲೇ ನಿಂತರೆ ತಪ್ಪು ಲೈನಿನದು. ವೈರಿನ ಜತೆ ಸರಿದರೆ ತಪ್ಪು ಮೋಟರಿನದು ಇಲ್ಲವೇ ಬೋರಿನ ಕೇಬಲಿನದು. ಪೈಪ್ ಎತ್ತುವ ಗಾಡಿ ಕರೆಸುವ ಮೊದಲು ಇದನ್ನು ಮಾಡಿದರೆ ಒಂದು ಖರ್ಚು ಉಳಿಯಬಹುದು.

ಕೇಬಲು ತಿನ್ನುವ ವೋಲ್ಟೇಜು

10 ಎಚ್‌ಪಿ ಮೋಟರ್ ಸುಮಾರು 16 ಆಂಪಿಯರ್ ಎಳೆಯುತ್ತದೆ ಎಂದು ಇಟ್ಟುಕೊಳ್ಳಿ (ನಿಮ್ಮದರ ನಿಜ ಅಂಕಿ ನೇಮ್ ಪ್ಲೇಟಿನಲ್ಲಿರುತ್ತದೆ, ಸಬ್‌ಮರ್ಸಿಬಲ್ಲಿಗೆ ಇನ್ನೂ ತುಸು ಹೆಚ್ಚೇ ಇರಬಹುದು). ಮೋಟರು 600 ಅಡಿ ಕೆಳಗಿದ್ದು, ನೇರ ಸ್ಟಾರ್ಟರಿಗೆ ಒಂದೇ ಮೂರೆಳೆ ಕೇಬಲ್ ಇಳಿಸಿದ್ದರೆ, 2.5 ಚದರ ಮಿ.ಮೀ. ತಾಮ್ರದ ಕೇಬಲ್ 32 ವೋಲ್ಟಿನಷ್ಟು ತಿನ್ನುತ್ತದೆ, 4ರದು 20, 6ರದು 13–14, 10ರದು 8. ಮೇಲೆ 350 ಇದ್ದ ದಿನ 4ರ ಕೇಬಲಿನ ತುದಿಯಲ್ಲಿ 330 ಮಾತ್ರ ಉಳಿಯುತ್ತದೆ. ಮೋಟರಿನ ಎಳೆಯುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ 415ಕ್ಕೆ ನೂರಿದ್ದದ್ದು 330ಕ್ಕೆ 63 ಆಗುತ್ತದೆ. ಗುಂಯ್ ಎನ್ನುವ ಸದ್ದು ಅದೇ. ತಿರುಗದೆ ನಿಂತ ಮೋಟರ್ ಐದಾರು ಪಟ್ಟು ಕರೆಂಟು ಎಳೆಯುತ್ತಾ ಒಳಗೇ ಬೇಯುತ್ತಿರುತ್ತದೆ. ಬೋರು ಆಳ ಮಾಡಿಸಿದಾಗ ಹಳೆಯ ಕೇಬಲಿಗೆ ತುಂಡು ಜೋಡಿಸಿ ಇಳಿಸುವುದು ಈ ಭಾಗದಲ್ಲಿ ಮಾಮೂಲು. ಉಳಿಸಿದ ದುಡ್ಡು ಎರಡೇ ಹಂಗಾಮಿನಲ್ಲಿ ವೈಂಡಿಂಗ್ ಅಂಗಡಿಗೆ ಹೋಗುತ್ತದೆ.

ವೋಲ್ಟೇಜು ಕಡಿಮೆ ಎಂದು ‘ಲೋ ವೋಲ್ಟೇಜ್ ವೈಂಡಿಂಗ್’ ಮಾಡಿಸುವವರೂ ಇದ್ದಾರೆ. ಸುತ್ತು ಕಡಿಮೆ ಮಾಡಿ ತಂತಿ ದಪ್ಪ ಹಾಕುತ್ತಾರೆ, 340ಕ್ಕೂ ಎತ್ತುತ್ತದೆ. ಆದರೆ ಮಳೆ ಬಂದು ಯಾರೂ ಪಂಪ್ ಹಚ್ಚದ ದಿನ ವೋಲ್ಟೇಜು 430 ಆದಾಗ ಅದೇ ಮೋಟರ್ ಸುಮ್ಮನೆ ಓಡುತ್ತಲೇ ಮಿತಿ ಮೀರಿ ಕರೆಂಟು ಎಳೆಯುತ್ತದೆ. ನೇಮ್ ಪ್ಲೇಟಿನಲ್ಲಿ 7.5 ಎಚ್‌ಪಿ, ಟಿಸಿಯ ಮೇಲೆ 10 ಎಚ್‌ಪಿಯ ಭಾರ. ಪಕ್ಕದವರ ವೋಲ್ಟೇಜೂ ಬೀಳುತ್ತದೆ. ಒಬ್ಬರು ಮಾಡಿಸಿದರೆ ಮುಂದಿನ ವರ್ಷ ಎಲ್ಲರೂ ಮಾಡಿಸಬೇಕಾಗುತ್ತದೆ.

ಕೆಪಾಸಿಟರ್

10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಬಿಲ್ಲಿಲ್ಲ, ಹಾಗಾಗಿ ಕೆಪಾಸಿಟರ್ ಹಾಕಿದರೆ ಕೈಗೆ ಏನೂ ಉಳಿಯುವುದಿಲ್ಲ ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಉಳಿಯುವುದು ವೋಲ್ಟೇಜು. ಮೋಟರ್ ಕೆಲಸಕ್ಕಷ್ಟೇ ಅಲ್ಲ, ತನ್ನ ಕಾಂತಬಲಕ್ಕೂ ಕರೆಂಟು ಎಳೆಯುತ್ತದೆ; ಆ ಪಾಲನ್ನು ಕೆಪಾಸಿಟರ್ ಅಲ್ಲೇ ಕೊಡುತ್ತದೆ.

10 ಎಚ್‌ಪಿ ಮೋಟರ್ 0.8 ಪವರ್ ಫ್ಯಾಕ್ಟರಿನಲ್ಲಿ (ಎಳೆದದ್ದರಲ್ಲಿ ಕೆಲಸಕ್ಕೆ ಬರುವ ಪಾಲು) ಟಿಸಿಯಿಂದ ಸುಮಾರು 11.7 ಕೆವಿಎ ಎಳೆಯುತ್ತದೆ. 4 ಕೆವಿಎಆರ್ ಕೆಪಾಸಿಟರ್ ಜೋಡಿಸಿದರೆ ಅದೇ ಕೆಲಸಕ್ಕೆ 9.8 ಸಾಕು, ಲೈನಿನ ಆಂಪಿಯರ್ 16ರಿಂದ ಸುಮಾರು 13.6ಕ್ಕೆ ಇಳಿಯುತ್ತದೆ. 63 ಕೆವಿಎ ಟಿಸಿ ಕೆಪಾಸಿಟರ್ ಇಲ್ಲದೆ ಐದು ಮೋಟರ್ ಹೊತ್ತರೆ, ಕೆಪಾಸಿಟರ್ ಇದ್ದರೆ ಆರು ಹೊರುತ್ತದೆ. 25 ಕೆವಿಎ ಟಿಸಿಗೆ ಎರಡೇ. ಮೂರನೆಯದನ್ನು ಕೆಪಾಸಿಟರ್ ಹಾಕಿಯೂ ಅದು ಹೊರಲಾರದು. ಆದರೆ ಒಬ್ಬರು ಹಾಕಿದರೆ ಸಾಲದು, ಟಿಸಿಯ ಎಲ್ಲರೂ ಹಾಕಬೇಕು.

ಅಳತೆ: 5 ಎಚ್‌ಪಿಗೆ 2, 7.5ಕ್ಕೆ 3, 10ಕ್ಕೆ 4 ಕೆವಿಎಆರ್. ಹೆಚ್ಚು ಹಾಕಿದರೆ ಹೆಚ್ಚು ಲಾಭವಿಲ್ಲ, ಸಂಪರ್ಕ ಕಡಿದ ಕ್ಷಣದಲ್ಲಿ ವೋಲ್ಟೇಜು ಏರಿ ಮೋಟರಿಗೇ ಪೆಟ್ಟು. ನೇರ ಸ್ಟಾರ್ಟರಿನಲ್ಲಿ ಕಾಂಟ್ಯಾಕ್ಟರಿನ (ಗುಂಡಿ ಒತ್ತಿದಾಗ ಕರೆಂಟು ಕೂಡಿಸುವ ಭಾಗ) ಹೊರಬದಿಗೆ, ಓವರ್‌ಲೋಡ್ ರಿಲೇ ಮೊದಲು ಜೋಡಿಸಿ; ಮೋಟರಿನ ಜತೆಗೇ ಚಾಲೂ, ಜತೆಗೇ ಬಂದ್ ಆಗುತ್ತದೆ, ರಿಲೇ ಸೆಟ್ಟಿಂಗೂ ಬದಲಿಸಬೇಕಿಲ್ಲ. ಸ್ಟಾರಿನಲ್ಲಿ ಎಬ್ಬಿಸಿ ಆಮೇಲೆ ಡೆಲ್ಟಾಕ್ಕೆ ಬದಲಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇದ್ದರೆ ಡೆಲ್ಟಾ ಕೂತ ಮೇಲೆ ಹಿಡಿಯುವಂತೆ ಬೇರೆಯೇ ಒಂದು ಚಿಕ್ಕ ಕಾಂಟ್ಯಾಕ್ಟರ್ ಹಾಕಿಸಿ. ಕೆಪಾಸಿಟರ್ ಬದುಕಿದೆಯೋ ಇಲ್ಲವೋ ಎಂದು ವರ್ಷಕ್ಕೊಮ್ಮೆ ನೋಡಿ: 4ರದು 415 ವೋಲ್ಟಿನಲ್ಲಿ ಪ್ರತಿ ವೈರಿಗೆ ಐದೂವರೆ ಆಂಪಿಯರ್ ತೋರಿಸಬೇಕು. ಒಂದು ವೈರಿನಲ್ಲಿ ಸೊನ್ನೆ ಇದ್ದರೆ, ಡಬ್ಬಿ ಉಬ್ಬಿದ್ದರೆ, ಬದಲಿಸಿ. ಬಂದ್ ಮಾಡಿದ ಕೂಡಲೇ ಕೈ ಹಚ್ಚಬೇಡಿ, ಐದು ನಿಮಿಷ ಬಿಡಿ.

ಸ್ಟಾರ್ಟರ್

ಕರೆಂಟು ಮಿತಿ ಮೀರಿದರೆ ಮೋಟರ್ ಬಂದ್ ಮಾಡುವ ಓವರ್‌ಲೋಡ್ ರಿಲೇ ನಮ್ಮ ಪೆಟ್ಟಿಗೆಗಳಲ್ಲಿ ಎರಡು ರೀತಿ ಕೆಟ್ಟಿರುತ್ತದೆ. ಪದೇ ಪದೇ ಟ್ರಿಪ್ ಆಗುತ್ತದೆಂದು ಯಾರೋ ಗುಂಡಿಯನ್ನು ಕೊನೆಗೆ ತಿರುಗಿಸಿರುತ್ತಾರೆ. ಇಲ್ಲವೇ ಸ್ಟಾರ್-ಡೆಲ್ಟಾದಲ್ಲಿ ಪೂರ್ತಿ ಆಂಪಿಯರಿಗೆ ಇಟ್ಟಿರುತ್ತಾರೆ. ಡೆಲ್ಟಾದಲ್ಲಿ ರಿಲೇ ಮೋಟರಿನ ಫೇಸ್ ವೈರಿನಲ್ಲಿ ಕೂತಿದ್ದರೆ ಅದರ ಮೂಲಕ ಹರಿಯುವುದು 0.58 ಪಾಲು ಮಾತ್ರ. 16 ಆಂಪಿಯರ್ ಮೋಟರಿಗೆ 9.3ಕ್ಕೆ ಇಡಬೇಕು. 16ಕ್ಕೆ ಇಟ್ಟರೆ ಆ ರಿಲೇ ಇದ್ದೂ ಇಲ್ಲದಂತೆ.

ಒಂದು ಫೇಸ್ ಹೋದಾಗ ಓಡುತ್ತಿರುವ ಮೋಟರ್ ನಿಲ್ಲುವುದಿಲ್ಲ, ಉಳಿದೆರಡರಿಂದ 1.7 ಪಟ್ಟು ಎಳೆದುಕೊಂಡು ಓಡುತ್ತದೆ. ಅದಕ್ಕೆ ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸುವ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಬೇಕೇ ಬೇಕು. ಅದನ್ನು ಹಾಕಿಸಿ ‘ಕಿರಿಕಿರಿ ಮಾಡತೈತಿ’ ಎಂದು ಎರಡು ವೈರು ಕೂಡಿಸಿ ಬೈಪಾಸ್ ಮಾಡಿಟ್ಟವರೇ ಹೆಚ್ಚು. ಅದು ಕಿರಿಕಿರಿ ಮಾಡುತ್ತಿದ್ದರೆ ಫೇಸುಗಳ ವೋಲ್ಟೇಜು ಸಮ ಇಲ್ಲ. 352, 338, 361 ಇದ್ದರೆ ಸರಾಸರಿಯಿಂದ ವ್ಯತ್ಯಾಸ ಶೇ 3.5, ಅಷ್ಟಕ್ಕೇ ಮೋಟರಿನ ಬಿಸಿ ಕಾಲುಭಾಗ ಏರುತ್ತದೆ.

ಆಟೋ ಸ್ಟಾರ್ಟರಿನ ತೊಂದರೆ ಬೇರೆ. ಪಾಳಿಯ ಕರೆಂಟು ಬಂದ ಕೂಡಲೇ ಟಿಸಿಯ ಐದೂ ಮೋಟರ್ ಒಟ್ಟಿಗೆ ಏಳುತ್ತವೆ. ನೇರ ಸ್ಟಾರ್ಟರಿನಲ್ಲಿ ಒಂದೊಂದಕ್ಕೆ ಏಳುವಾಗ 90–100 ಆಂಪಿಯರ್. ಐದಕ್ಕೆ ಐನೂರರ ಹತ್ತಿರ. 63 ಕೆವಿಎ ಟಿಸಿಯ ಪೂರ್ತಿ ಶಕ್ತಿ 84 ಆಂಪಿಯರ್. ಫ್ಯೂಜ್ ಹೋಗದೆ ಏನು ಮಾಡೀತು? ಐದೂ ಜನ ಕೂತು ಟೈಮರ್ ಹಂಚಿಕೊಳ್ಳಿ: ಮೊದಲನೆಯದಕ್ಕೆ 30 ಸೆಕೆಂಡ್, ಎರಡನೆಯದಕ್ಕೆ 60, ಹೀಗೆ ಅರ್ಧರ್ಧ ನಿಮಿಷ ಬಿಟ್ಟು. ದೂರದ ಮೋಟರಿಗೆ ಮೊದಲ ಪಾಳಿ ಕೊಡಿ, ಅದಕ್ಕೇ ವೋಲ್ಟೇಜು ಕಡಿಮೆ ಸಿಗುವುದು.

ಹೋದ ಫ್ಯೂಜಿಗೆ ದಪ್ಪ ತಂತಿ ಸುತ್ತಿದರೆ ಮುಂದಿನ ಸಲ ಹೋಗುವುದು ಟಿಸಿಯೇ. ಟಿಸಿಗೆ ಬರುವ ಲೈನು ಕಡಿಯುವ ಎಬಿ ಸ್ವಿಚ್ ಎಳೆದು ತಾವೇ ಕಂಬ ಹತ್ತುವುದಂತೂ ಬೇಡ. ಮೂರರಲ್ಲಿ ಒಂದು ಬ್ಲೇಡು ಕಚ್ಚಿಕೊಂಡು ತೆರೆಯದೆ ಉಳಿದರೂ ಮೇಲೆ 11 ಸಾವಿರ ವೋಲ್ಟ್ ಹಾಗೇ ಇರುತ್ತದೆ. ಹೆಸ್ಕಾಂ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ಹೇಳಿ, ದೂರಿನ ನಂಬರು ಬರೆದುಕೊಳ್ಳಿ. ಹಾಗೆಯೇ ತೋಟದ ಮನೆಯ ದೀಪಕ್ಕೆಂದು ಕೊಟ್ಟ ರಾತ್ರಿಯ ಸಿಂಗಲ್ ಫೇಸಿನಲ್ಲಿ ಕಂಡೆನ್ಸರ್ ಹಚ್ಚಿ ಪಂಪ್ ಓಡಿಸುವುದು ನಿಯಮಬಾಹಿರ, ಟಿಸಿಗೂ ಮೋಟರಿಗೂ ಕೆಡುಕು.

ಅರ್ಥಿಂಗ್ ಬಗ್ಗೆ ಎರಡೇ ಮಾತು. ಎರೆ ಭೂಮಿ ಹಸಿ ಇದ್ದಾಗ ಚೆನ್ನಾಗಿ ಕರೆಂಟು ಹೀರುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಪೈಪಿನಿಂದಲೇ ಮಣ್ಣು ಸರಿದುಬಿಡುತ್ತದೆ. 40 ಮಿ.ಮೀ.ನ ಎರಡೂವರೆ ಮೀಟರ್ ಜಿಐ ಪೈಪು ಹುಗಿದು, ಸುತ್ತ ಇದ್ದಿಲು-ಉಪ್ಪು ತುಂಬಿ, ಮಾರ್ಚಿನಿಂದ ಮಳೆ ಬರುವವರೆಗೆ ವಾರಕ್ಕೆರಡು ಕೊಡ ನೀರು ಹಾಕಿ.

ಕೊನೆಗೆ, ಹೊಸ ಟಿಸಿ ಕೂರಿಸಿದ ದಿನ. ಲೈನ್‌ಮನ್ ಇಳಿಯುವ ಮೊದಲೇ ಎಲ್ಲರೂ ಸ್ಟಾರ್ಟರ್ ಒತ್ತಲು ಓಡುತ್ತಾರೆ. ಜೋಡಿಸುವಾಗ ಎರಡು ಫೇಸ್ ಅದಲುಬದಲಾಗಿದ್ದರೆ ಮೋಟರ್ ಹಿಂದಕ್ಕೆ ತಿರುಗುತ್ತದೆ. ಸಬ್‌ಮರ್ಸಿಬಲ್ ಹಿಂದಕ್ಕೆ ತಿರುಗಿದರೂ ಒಂದಿಷ್ಟು ನೀರು ಬರುತ್ತದೆ, ಹಾಗಾಗಿ ‘ಬೋರ್ ಬತ್ತೈತಿ’ ಎಂದು ಕೂತವರಿದ್ದಾರೆ. ಒಂದು ನಿಮಿಷ ಓಡಿಸಿ ನೀರಿನ ಧಾರೆ ನೋಡಿ, ಬಂದ್ ಮಾಡಿ, ಮೇನ್ ತೆಗೆದು ಯಾವುದಾದರೂ ಎರಡು ವೈರು ಅದಲುಬದಲು ಮಾಡಿ ಮತ್ತೆ ಓಡಿಸಿ. ಹೆಚ್ಚು ನೀರು ಕೊಟ್ಟದ್ದೇ ಸರಿಯಾದ ದಿಕ್ಕು. ಆ ಜೋಡಣೆಗೆ ಬಣ್ಣದ ಟೇಪು ಸುತ್ತಿ ಗುರುತು ಮಾಡಿಡಿ.