ನಾಲ್ಕನೆಯ ತರಗತಿಯ ಬೆಂಚು

ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ನಾಲ್ಕು ಮತ್ತು ಐದನೆಯ ತರಗತಿಗಳಿಗೆ ಪಾಠ ಮಾಡುತ್ತೇನೆ. ಈ ಬರಹಕ್ಕಾಗಿ ಮಂಜ ಎಂದು ಕರೆಯುತ್ತಿರುವ ಹುಡುಗ ಮೂರನೆಯ ತರಗತಿ ಮುಗಿಸಿ ನನ್ನ ಕೋಣೆಗೆ ಬಂದ ಜೂನ್ ತಿಂಗಳಲ್ಲೇ ನನ್ನ ತಾಳ್ಮೆ ಕೆಟ್ಟಿತು. ಪಾಠ ಆರಂಭವಾಗಿ ಐದು ನಿಮಿಷವಾಗುವಷ್ಟರಲ್ಲಿ ಅವನು ಎದ್ದು ಕಿಟಕಿಯ ಬಳಿ ಇರುತ್ತಿದ್ದ. ಪ್ರಶ್ನೆ ಬಾಯಿಂದ ಪೂರ್ತಿ ಹೊರಡುವ ಮೊದಲೇ ಉತ್ತರ ಕೂಗುತ್ತಿದ್ದ. ಅವನ ಲೆಕ್ಕದ ಪುಸ್ತಕ ಒಮ್ಮೆ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಸಿಕ್ಕಿತು. ನಾನು ಅವನನ್ನು ಬಾಗಿಲಾಚೆ ನಿಲ್ಲಿಸಿದೆ, ಆಟದ ಅವಧಿಯನ್ನು ಕಿತ್ತುಕೊಂಡೆ. ಕೈ ಎತ್ತಲಿಲ್ಲವಾದ್ದರಿಂದ ತಪ್ಪು ಮಾಡಿಲ್ಲವೆಂದೇ ನಂಬಿದ್ದೆ. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಆಟ ತಪ್ಪಿದ ದಿನ ಅವನ ಚಡಪಡಿಕೆ ಇನ್ನಷ್ಟು ಹೆಚ್ಚುತ್ತಿತ್ತು ಎಂಬುದನ್ನೂ ಆಗ ನಾನು ಗಮನಿಸಿರಲಿಲ್ಲ.

ಒಂದರಿಂದ ಮೂರನೆಯ ತರಗತಿಯ ನಲಿಕಲಿ, ಅಂದರೆ ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ, ನೋಡಿಕೊಳ್ಳುವ ಮೇಡಂ ಬಳಿ ದೂರು ಹೇಳಿದಾಗ ಅವರು, “ನನ್ನ ಹತ್ರ ಚೆನ್ನಾಗೇ ಇದ್ದನಲ್ಲ ಸಾರ್” ಎಂದರು. ಆ ಮಾತು ನನಗೆ ಚುಚ್ಚಿತು. ನನ್ನ ಪಾಠದಲ್ಲೇ ದೋಷವಿದೆ ಎಂದಂತೆ ಕೇಳಿಸಿ ಕೆಲವು ದಿನ ಅವರೊಡನೆ ಸರಿಯಾಗಿ ಮಾತನಾಡಲಿಲ್ಲ. ಆಮೇಲೆ ಒಂದು ಬಿಡುವಿನ ಅವಧಿಯಲ್ಲಿ ಅವರ ಕೋಣೆಯಲ್ಲಿ ಕುಳಿತು ನೋಡಿದೆ. ಮಕ್ಕಳು ಪಾಠದ ಹಂತಗಳನ್ನು ತೋರಿಸುವ ಕಲಿಕಾ ಏಣಿಯ ಪಟ್ಟಿಯಲ್ಲಿ ತಮ್ಮ ಮೆಟ್ಟಿಲನ್ನು ತಾವೇ ನೋಡಿಕೊಂಡು, ಎದ್ದು ಹೋಗಿ ಕಾರ್ಡು ತಂದು, ಆ ಮೆಟ್ಟಿಲಿಗೆ ಹೇಳಿದ ಗುಂಪಿನಲ್ಲಿ ನೆಲದ ಮೇಲೆ ಕುಳಿತು, ಸಣ್ಣದೊಂದು ಕೆಲಸ ಮುಗಿಸಿ ಮತ್ತೆ ಎದ್ದು ಬೇರೆ ಗುಂಪಿಗೆ ಹೋಗುತ್ತಿದ್ದರು. ಅಲ್ಲಿ ಏಳುವುದು ಕಲಿಕೆಯ ಭಾಗ. ನನ್ನಲ್ಲಿ ಅದು ಅಪರಾಧ. ಮೂರು ವರ್ಷ ಹೀಗೆ ಕಲಿತ ಮಗುವನ್ನು ಬೇಸಿಗೆ ರಜೆ ಮುಗಿದ ಮರುದಿನದಿಂದ ನಲವತ್ತು ನಿಮಿಷ ಬೆಂಚಿಗೆ ಅಂಟಿಸುತ್ತೇವೆ. ಹೆಚ್ಚಿನ ಮಕ್ಕಳು ಒಗ್ಗಿಕೊಳ್ಳುತ್ತಾರೆ. ಮಂಜ ಒಗ್ಗಿಕೊಳ್ಳಲಿಲ್ಲ.

ಎಡಿಎಚ್‌ಡಿ, ಅಂದರೆ ಗಮನ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ, ಎಂಬ ಮಾತು ತರಬೇತಿಯೊಂದರಲ್ಲಿ ಕಿವಿಗೆ ಬಿದ್ದಿತ್ತು. ಆದರೆ ಹೆಸರಿಡುವುದು ಶಿಕ್ಷಕನ ಕೆಲಸವಲ್ಲ. ಕಂಡದ್ದನ್ನು ಬರೆದಿಡುವುದು ನನ್ನ ಕೈಯಲ್ಲಿತ್ತು. ನೂರು ಪುಟದ ನೋಟ್‌ಬುಕ್ಕಿನಲ್ಲಿ ಎರಡು ಕಲಂ ಎಳೆದು, ಒಂದರಲ್ಲಿ ಮಂಜನನ್ನೂ ಇನ್ನೊಂದರಲ್ಲಿ ಹೋಲಿಕೆಗಾಗಿ ಮೂರನೆಯ ಬೆಂಚಿನ ಒಬ್ಬ ಶಾಂತ ಹುಡುಗಿಯನ್ನೂ ಇಟ್ಟುಕೊಂಡು, ದಿನಕ್ಕೊಂದು ಅವಧಿಯಲ್ಲಿ ಅವರು ಎಷ್ಟು ಸಲ ಎದ್ದರು, ಕೆಲಸ ಎಲ್ಲಿಗೆ ನಿಂತಿತು ಎಂದು ಗುರುತು ಹಾಕಿದೆ. ‘ಇಡೀ ದಿನ ಎದ್ದಿರುತ್ತಾನೆ’ ಎಂದು ನಾನು ಹೇಳುತ್ತಿದ್ದುದು ಸುಳ್ಳಾಯಿತು. ಬೆಳಗಿನ ಮೊದಲ ಅವಧಿಯಲ್ಲಿ ಅವನು ಎದ್ದದ್ದು ಮೂರು ನಾಲ್ಕು ಸಲ, ಬಿಸಿಯೂಟದ ನಂತರದ ಲೆಕ್ಕದ ಅವಧಿಯಲ್ಲಿ ಹನ್ನೊಂದು ಸಲ. ಉಕ್ತಲೇಖನದ ಮೊದಲ ನಾಲ್ಕು ಪದ ಸರಿ, ಐದನೆಯದರಿಂದ ಒತ್ತಕ್ಷರ ಮಾಯ, ಎಂಟನೆಯದರ ಹೊತ್ತಿಗೆ ಹಾಳೆಯ ಅಂಚಿನಲ್ಲಿ ಟ್ರ್ಯಾಕ್ಟರಿನ ಚಿತ್ರ. ಹತ್ತು ಲೆಕ್ಕ ಕೊಟ್ಟರೆ ಮೂರು ಮಾಡುತ್ತಿದ್ದ. ಆ ಮೂರೂ ಸರಿಯಿರುತ್ತಿದ್ದವು.

ಮಂಜನ ಮನೆಗೆ ಹೋದಾಗ ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗಿತ್ತು. ತಾಯಿ ತಲೆ ಎತ್ತದೆ ಹಣ್ಣು ಹುಳುಗಳನ್ನು ಆರಿಸುತ್ತಲೇ, “ಇವನಿಗೇನಾಗಿದೆ ಸಾರ್? ಚಂದ್ರಂಕಿಗೆ ಹುಳ ಬಿಡೋಕೆ ಕೂತ್ರೆ ಊಟಕ್ಕೂ ಏಳಲ್ಲ” ಎಂದರು. ಚಂದ್ರಂಕಿ ಎಂದರೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ. ಅವರು ಹೇಳಿದ್ದು ನಿಜವೂ ಆಗಿತ್ತು. ಮೈ ಪಾರದರ್ಶಕವಾದ ಹುಳುವನ್ನು ಇನ್ನೂ ಸೊಪ್ಪು ತಿನ್ನುವ ಹುಳುವಿನಿಂದ ಬೇರ್ಪಡಿಸುವುದರಲ್ಲಿ ಅವನ ಬೆರಳು ನನಗಿಂತ ಚುರುಕು. ಈ ತೊಂದರೆಯ ಬಗ್ಗೆ ಹೆಚ್ಚು ಜನ ಎಡವುವುದು ಇಲ್ಲಿಯೇ. ಗಮನ ಇಲ್ಲವೇ ಇಲ್ಲವೆಂದಲ್ಲ. ಅದನ್ನು ಬೇಕೆಂದಾಗ ಬೇಕಾದ ಕಡೆಗೆ ತಿರುಗಿಸಿ ಹಿಡಿದಿಡುವುದು ಕಷ್ಟ. ಕೈಗೆ ಕೆಲಸವಿದ್ದು ಫಲ ಕ್ಷಣಕ್ಷಣಕ್ಕೂ ಕಣ್ಣಿಗೆ ಕಾಣುವಲ್ಲಿ ಅದು ತಾನಾಗಿಯೇ ನಿಲ್ಲುತ್ತದೆ. ಜಗಲಿಯಲ್ಲಿದ್ದ ಅಜ್ಜಿ, “ಇವರಪ್ಪನೂ ಹಿಂಗೇ ಇದ್ದ, ಇಸ್ಕೂಲು ಬಿಟ್ಟು ಓಡ್ತಿದ್ದ” ಎಂದು ನಕ್ಕರು. ಈ ತೊಂದರೆಯಲ್ಲಿ ವಂಶವಾಹಿಗಳ ಪಾಲು ದೊಡ್ಡದೆಂದು ಅವಳಿಗಳ ಅಧ್ಯಯನಗಳು ಹೇಳುತ್ತವೆ ಎಂಬುದನ್ನು ನಾನು ಓದಿದ್ದು ಆಮೇಲೆ.

ವರ್ಷಕ್ಕೊಮ್ಮೆ ಶಾಲೆಗೆ ತಪಾಸಣೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ನೋಟ್‌ಬುಕ್ ತೋರಿಸಿದೆ. ಅವರು ಜಿಲ್ಲಾ ಮಟ್ಟಕ್ಕೆ ಚೀಟಿ ಬರೆದರು. ಅಲ್ಲಿನ ವೈದ್ಯರು ಮೊದಲು ನೋಡಿದ್ದು ಕಿವಿ ಮತ್ತು ಕಣ್ಣು. ಆಮೇಲೆ ಕೇಳಿದ್ದು ನಿದ್ದೆ ಮತ್ತು ಮೂರ್ಛೆಯ ಬಗ್ಗೆ. ಮನೆಮಾತು ತೆಲುಗು ಆದ್ದರಿಂದ ಕನ್ನಡ ಅರ್ಥವಾಗದೆ ಹೀಗೆ ಮಾಡುತ್ತಿದ್ದಾನೆಯೇ ಎಂದೂ ವಿಚಾರಿಸಿದರು. ಎಡಿಎಚ್‌ಡಿಯ ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಾಣಿಸಿರಬೇಕು, 6 ತಿಂಗಳಾದರೂ ಇರಬೇಕು, ಮನೆ ಮತ್ತು ಶಾಲೆಯಂತಹ ಎರಡು ಕಡೆಗಳಲ್ಲಾದರೂ ತೊಡಕು ಕೊಡಬೇಕು ಎಂಬುದು 2013ರಿಂದ ಬಳಕೆಯಲ್ಲಿರುವ ಮಾನದಂಡ. ಈ ಕಾರಣಕ್ಕೇ ಶಿಕ್ಷಕರು ತುಂಬಬೇಕಾದ ನಮೂನೆಯೊಂದಿರುತ್ತದೆ. ಅದನ್ನು ನಾನು ಸಿಟ್ಟಿನ ನೆನಪಿನಿಂದ ತುಂಬದೆ ನೋಟ್‌ಬುಕ್ಕಿನಿಂದ ತುಂಬಲು ಸಾಧ್ಯವಾಯಿತು.

2007ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸಂಶೋಧಕರು ಪ್ರಕಟಿಸಿದ ಅಧ್ಯಯನದ ವಿಷಯವನ್ನು ಆ ವೈದ್ಯರೇ ತಿಳಿಸಿದರು. ಮಿದುಳಿನ ಹೊರಪದರದ ಅರ್ಧದಷ್ಟು ಭಾಗಗಳು ತಮ್ಮ ಗರಿಷ್ಠ ದಪ್ಪವನ್ನು ಮುಟ್ಟುವ ವಯಸ್ಸು ಉಳಿದ ಮಕ್ಕಳಲ್ಲಿ ಸುಮಾರು 7.5 ವರ್ಷವಾದರೆ ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಸುಮಾರು 10.5. ಒಂದು ಗುಂಪಿನ ಲೆಕ್ಕವನ್ನು ಒಬ್ಬ ಹುಡುಗನ ಮೇಲೆ ಹಾಗೆಯೇ ಹೊರಿಸಲಾಗದು, ನಿಜ. ಆದರೂ ನನಗೆ ನಲಿಕಲಿ ಮೇಡಂ ಹೇಳಿದ ಮಾತು ಆಗ ಅರ್ಥವಾಯಿತು: ಒಂಬತ್ತು ವರ್ಷದ ಮಂಜನಿಗೆ ಅವರ ಕೋಣೆಯ ವ್ಯವಸ್ಥೆ ಇನ್ನೂ ಬೇಕಿತ್ತು.

ಅದರಲ್ಲಿ ಒಂದಿಷ್ಟನ್ನು ನನ್ನ ಕೋಣೆಗೆ ತಂದೆ. ಹತ್ತು ಲೆಕ್ಕಗಳನ್ನು ಚೀಟಿಗಳಾಗಿ ಹರಿದು, ಮೂರು ಮುಗಿಸಿದ ಮೇಲೆ ಮೇಜಿಗೆ ತಂದು ತೋರಿಸಿ ಮುಂದಿನ ಚೀಟಿ ಒಯ್ಯಬೇಕು ಎಂದೆ. ಹಾಗೆ ಅವನ ಓಡಾಟಕ್ಕೆ ಒಂದು ಕಾರಣ ಸಿಕ್ಕಿತು. ಟೊಮೆಟೊ ಕ್ರೇಟು ತುಂಬಿದ ಟೆಂಪೊಗಳು ಹಾದುಹೋಗುವ ರಸ್ತೆಯ ಕಡೆಯ ಕಿಟಕಿಯಿಂದ ಮುಂದಿನ ಬೆಂಚಿಗೆ ಸ್ಥಳ ಬದಲಿಸಿದೆ. ಹೆಸರು ಹಿಡಿದು ಕರೆದು, ಅವನು ನೋಡಿದ ಮೇಲೆ ಒಂದೇ ಸೂಚನೆ ಹೇಳುವುದನ್ನು ರೂಢಿಸಿಕೊಂಡೆ. ಇದು ಹೇಳಿದಷ್ಟು ಸುಲಭವಲ್ಲ, ನಾನು ಒಂದೇ ಉಸಿರಿಗೆ ನಾಲ್ಕು ಸೂಚನೆ ಕೊಡುವವನು. ಗೋಡೆಯ ಮೇಲೆ ನಕ್ಷತ್ರ ಅಂಟಿಸುವ ಪಟ್ಟಿ ಮಾತ್ರ ಕೆಟ್ಟಿತು. ಮಂಜನ ಖಾಲಿ ಮನೆಗಳನ್ನು ಎಣಿಸಿ ಉಳಿದವರು ನಗತೊಡಗಿದಾಗ ಅದನ್ನು ಕಿತ್ತು, ಬದಲಿಗೆ ಅವನ ಜೇಬಿಗೆ ದಿನಕ್ಕೊಂದು ಚೀಟಿ ಹಾಕಿದೆ. ತಾಯಿಗೆ ಓದಲು ಬಾರದು. ಆದ್ದರಿಂದ ಆ ದಿನದ ಎರಡು ಗುರಿಗಳಿಗೆ ಎರಡು ಸೂರ್ಯನ ಚಿತ್ರ. ಎರಡೂ ಬಂದ ಸಂಜೆ ಅವನೇ ಸೊಪ್ಪಿನ ಗಾಡಿಯ ಮೇಲೆ ಕೂರಬಹುದು ಎಂದು ತಂದೆ ಒಪ್ಪಿದ್ದರು.

ಕೆಲವು ತಿಂಗಳ ನಂತರ ವೈದ್ಯರು, ತಂದೆತಾಯಿಯ ಒಪ್ಪಿಗೆ ಪಡೆದು, ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಮಾತ್ರೆ ಆರಂಭಿಸಿದರು. ಕೂರುವ ಹೊತ್ತು ಹೆಚ್ಚಿತು, ಹಸಿವು ಕಡಿಮೆಯಾಯಿತು. ಬಿಸಿಯೂಟದ ತಟ್ಟೆ ಅರ್ಧಕ್ಕೆ ಉಳಿಯುವುದನ್ನು ನಾನು ತಿಳಿಸಿದ ಮೇಲೆ ಅವರು ತಿಂಡಿಯಾದ ನಂತರ ಮಾತ್ರೆ ಕೊಡಲು ಹೇಳಿ, ತೂಕ ನೋಡುತ್ತಾ ಬಂದರು. ಒತ್ತಕ್ಷರಗಳು ಈಗಲೂ ತಪ್ಪುತ್ತವೆ.

ಡಿಸೆಂಬರಿನಲ್ಲಿ ಹಳೆಯ ಪುಟಗಳನ್ನು ತಿರುವುವಾಗ ಎರಡನೆಯ ಕಲಂ ಕಣ್ಣಿಗೆ ಬಿತ್ತು. ‘ಎದ್ದದ್ದು: 0’ ಎಂದು ದಿನದಿನವೂ ಬರೆದಿದ್ದೆ. ಅದರ ಪಕ್ಕದಲ್ಲೇ, ನನ್ನದೇ ಕೈಬರಹದಲ್ಲಿ, ‘ಕೆಲಸ ನಿಂತದ್ದು: ಎರಡನೆಯ ಲೆಕ್ಕ’, ‘ಪುಟ ತಿರುಗಿಸಿಲ್ಲ’, ‘ಶೀರ್ಷಿಕೆ ಮಾತ್ರ’ ಎಂದಿತ್ತು. ಅತಿ ಚಟುವಟಿಕೆ ಇಲ್ಲದೆ ಗಮನದ ಕೊರತೆಯೊಂದೇ ಇರುವ ಬಗೆಯೂ ಉಂಟು, ಹೆಣ್ಣುಮಕ್ಕಳಲ್ಲಿ ಅದು ಬಹಳ ಸಲ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಅಷ್ಟರಲ್ಲಿ ಓದಿದ್ದೆ. ಅವಳ ತಾಯಿಯನ್ನು ಶಾಲೆಗೆ ಕರೆಸಿದೆ. ಅವರು ಬಾಗಿಲಲ್ಲೇ ನಿಂತು, “ನಮ್ ಹುಡುಗಿ ಏನ್ ತಪ್ಪು ಮಾಡಿದ್ಲು ಸಾರ್?” ಎಂದರು.