ಮಗು ದತ್ತು ತಗೊಳ್ಳಬೇಕು ಅಂತಿದ್ದೀರಾ? ಬಾಂಡ್ ಪೇಪರ್ ನಂಬಬೇಡಿ

ನಾವು ದತ್ತು ತಗೊಳ್ಳುತ್ತೇವೆ ಅಂದಾಗ ಮಧುಗಿರಿ ಕಡೆಯ ನೆಂಟರೊಬ್ಬರು ಹೇಳಿದ್ದು ಹೀಗೆ: "ಒಬ್ಬ ನರ್ಸ್ ಗೊತ್ತು, ಹುಟ್ಟಿದ ಕೂಡಲೇ ಕೊಡಿಸ್ತಾರೆ, ಬಾಂಡ್ ಪೇಪರ್ ಮೇಲೆ ಬರೆಸಿಕೊಂಡರೆ ಆಯ್ತು." ದಯವಿಟ್ಟು ಆ ಕಡೆ ಹೋಗಬೇಡಿ. ದುಡ್ಡು ಕೊಟ್ಟು ತಂದರೆ ಅದು ಮಗು ಮಾರಾಟ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಮಾರಿದವರಿಗೂ ಕೊಂಡವರಿಗೂ 5 ವರ್ಷದವರೆಗೆ ಜೈಲು, 1 ಲಕ್ಷ ದಂಡ. ಎದೆಗೆ ಅವುಚಿಕೊಂಡು ಸಾಕಿದ ಮಗುವನ್ನು ಒಂದು ದಿನ ವಾಪಸ್ ಕರೆದುಕೊಂಡು ಹೋಗುತ್ತಾರೆ, ಅದನ್ನು ತಡೆದುಕೊಳ್ಳೋಕೆ ಆಗುತ್ತಾ?

ಅನಾಥ ಮಗು, ಬಿಟ್ಟುಹೋದ ಮಗು, ಹೆತ್ತವರೇ ಒಪ್ಪಿಸಿದ ಮಗು, ಯಾವುದಾದರೂ ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರವಾದ ಕಾರಾ (CARA) ಮೂಲಕವೇ ಬರಬೇಕು. ಒಪ್ಪಿಸಿದ ತಾಯಿಗೆ ಮನಸ್ಸು ಬದಲಿಸಲು 60 ದಿನ ಇರುತ್ತದೆ. ಆಮೇಲೆ ಮಕ್ಕಳ ಕಲ್ಯಾಣ ಸಮಿತಿ ಆದೇಶ ಕೊಟ್ಟರೆ ಮಾತ್ರ ಆ ಮಗು ದತ್ತಿಗೆ ಸಿಗುವುದು.

ಮೊದಲು ವಯಸ್ಸು ಲೆಕ್ಕ ಹಾಕಿ. ಎರಡು ವರ್ಷದೊಳಗಿನ ಮಗು ಬೇಕೆಂದರೆ ಗಂಡ ಹೆಂಡತಿ ಇಬ್ಬರ ವಯಸ್ಸು ಸೇರಿ 85 ದಾಟಬಾರದು, ಒಬ್ಬರೇ ಇದ್ದರೆ 40. ದೊಡ್ಡ ಮಗುವಾದರೆ ಈ ಮಿತಿ ಹೆಚ್ಚುತ್ತದೆ. ಮದುವೆಯಾಗಿ ಎರಡು ವರ್ಷ ಆಗಿರಬೇಕು, ಇಬ್ಬರೂ ಒಪ್ಪಬೇಕು. ಒಂಟಿ ಹೆಂಗಸು ಗಂಡು ಹೆಣ್ಣು ಯಾವ ಮಗುವನ್ನಾದರೂ ತಗೊಳ್ಳಬಹುದು, ಒಂಟಿ ಗಂಡಸಿಗೆ ಹೆಣ್ಣು ಮಗು ಕೊಡುವುದಿಲ್ಲ.

ಅರ್ಜಿ ಕಾರಾ ವೆಬ್‌ಸೈಟಿನಲ್ಲಿ. ಕಂಪ್ಯೂಟರ್ ಬರಲ್ಲ ಅನ್ನುವವರು ನಿಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಕೇಳಿ, ಅದು ಅವರ ಕೆಲಸವೇ. ದಾಖಲೆ ಹಾಕಲು 30 ದಿನ ಇರುತ್ತದೆ. ನಾವು ಒದ್ದಾಡಿದ್ದು ಇಲ್ಲೇ. ಮದುವೆ ನೋಂದಣಿಯೇ ಮಾಡಿಸಿರಲಿಲ್ಲ, ಲಗ್ನಪತ್ರಿಕೆ ಹಿಡಿದುಕೊಂಡು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಓಡಾಡಿದೆವು. ಪ್ಯಾನ್‌ನಲ್ಲಿ ಒಂದು ಇನಿಷಿಯಲ್, ಆಧಾರ್‌ನಲ್ಲಿ ಇನ್ನೊಂದು. ಇವನ್ನೆಲ್ಲ ಅರ್ಜಿಗೆ ಮುಂಚೆಯೇ ಸರಿಮಾಡಿಕೊಳ್ಳಿ. ಆದಾಯದ ದಾಖಲೆ, ಡಾಕ್ಟರ್ ಸರ್ಟಿಫಿಕೇಟ್ ಕೂಡ ಬೇಕು.

ಆಮೇಲೆ ಸಮಾಜ ಕಾರ್ಯಕರ್ತರು ಮನೆಗೆ ಬರುತ್ತಾರೆ. ಮನೆ ದೊಡ್ಡದಾ ಚಿಕ್ಕದಾ ಅಂತ ಅಳೆಯೋಕೆ ಅಲ್ಲ. ಇಬ್ಬರೂ ಕೆಲಸಕ್ಕೆ ಹೋದರೆ ಮಗು ಯಾರ ಹತ್ತಿರ ಇರುತ್ತದೆ, ಅಜ್ಜಿ ತಾತನಿಗೆ ಮನಸ್ಸಿದೆಯಾ, ಮುಂದೆ ಮಗುವಿಗೆ ನಿಜ ಹೇಳುತ್ತೀರಾ, ಹೀಗೆ ಕೇಳುತ್ತಾರೆ. ನಮ್ಮತ್ತೆ "ಯಾವ ಜಾತಿ ಮಗುವೋ ಏನೋ" ಅಂದುಬಿಟ್ಟರು. ಅದಕ್ಕಾಗಿ ತಿಂಗಳುಗಟ್ಟಲೆ ಅವರ ಜೊತೆ ಕೂತು ಮಾತಾಡಿದೆವು. ಅರ್ಜಿ ಹಾಕುವ ಮೊದಲೇ ಈ ಮಾತು ಆಗಬೇಕಿತ್ತು. ಮನೆ ನೋಡಿ ಅವರು ಬರೆಯುವ ವರದಿ 3 ವರ್ಷ ಚಾಲ್ತಿಯಲ್ಲಿರುತ್ತದೆ.

ಕಾಯುವುದು ತುಂಬಾ ಕಷ್ಟ. ಆರೋಗ್ಯವಾಗಿರುವ ಚಿಕ್ಕ ಮಗುವಿಗೆ ಮೂರು ವರ್ಷ ದಾಟುವುದು ಮಾಮೂಲು. ಒಂದು ದಿನ ಇದ್ದಕ್ಕಿದ್ದಂತೆ ಮಗುವಿನ ಫೋಟೊ, ಆರೋಗ್ಯದ ವರದಿ ಬರುತ್ತದೆ. ಆ ಮಗುವನ್ನು ನಿಮಗಾಗಿ ಕಾಯ್ದಿರಿಸಲು ಬರೀ 48 ಗಂಟೆ, ಹಾಗಾಗಿ ವರದಿ ನೋಡಿ ಹೇಳುವ ಮಕ್ಕಳ ಡಾಕ್ಟರ್ ಒಬ್ಬರನ್ನು ಮೊದಲೇ ಮಾತಾಡಿಸಿಟ್ಟುಕೊಳ್ಳಿ. ಹಣ ಕಟ್ಟಿದರೆ ರಸೀದಿ ತಗೊಳ್ಳಿ, ಕಾರಾ ನಿಗದಿ ಮಾಡಿದ್ದಕ್ಕಿಂತ ಒಂದು ರೂಪಾಯಿಯೂ ಜಾಸ್ತಿ ಕೊಡಬೇಡಿ.

ಕೋರ್ಟ್ ಅಲೆಯಬೇಕು ಅಂತ ಹೆದರಬೇಡಿ. 2022ರ ಸೆಪ್ಟೆಂಬರ್‌ನಿಂದ ಆದೇಶ ಕೊಡುವುದು ಜಿಲ್ಲಾಧಿಕಾರಿ. ಆದೇಶ ಬರುವ ಮೊದಲೇ ಮಗುವನ್ನು ಪೋಷಣೆಗೆ ಅಂತ ಮನೆಗೆ ಕಳಿಸುತ್ತಾರೆ. ನಂತರ ಎರಡು ವರ್ಷ, ಆರು ತಿಂಗಳಿಗೊಮ್ಮೆ ಬಂದು ನೋಡುತ್ತಾರೆ.

ಆದೇಶದ ಪ್ರತಿ ಕೈಗೆ ಬಂದ ತಕ್ಷಣ ಹೆಸರು, ಹುಟ್ಟಿದ ದಿನ, ಇನಿಷಿಯಲ್ ಒಂದೊಂದು ಅಕ್ಷರ ಓದಿ. ಜನನ ಪ್ರಮಾಣಪತ್ರದಲ್ಲಿ ನಿಮ್ಮ ಹೆಸರು ಅಪ್ಪ ಅಮ್ಮ ಅಂತ ಬರುವುದು ಅದರ ಮೇಲೆಯೇ.