ಕೂಗಳತೆಯ ಬದುಕು

ದಾವಣಗೆರೆ ಮಂಡಿಪೇಟೆಯ ಒಂದು ಕಿರಾಣಿ ಹೋಲ್‌ಸೇಲ್ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಇಪ್ಪತ್ತಾರು ವರ್ಷ ಆಯಿತು. ಬೇರೆಯವರ ಜಮಾ-ಖರ್ಚು ಪೈಸೆ ಬಿಡದೆ ಬರೆದವನು ನಮ್ಮ ಮನೆಯ ಲೆಕ್ಕ ಬರೆದದ್ದು 2021ರಲ್ಲಿ, ಅದೂ ಒಂದೇ ತಿಂಗಳು. ದುಡ್ಡಿನ ಲೆಕ್ಕ ಅಲ್ಲ. ಗಾಡಿಯ ಕೀಲಿ ಎಷ್ಟು ಸಲ ತಿರುಗಿಸಿದೆವು ಅನ್ನುವ ಲೆಕ್ಕ.

ಆ ಬುದ್ಧಿ ಬಂದದ್ದು ರೈಲ್ವೆ ಗೇಟಿನಲ್ಲಿ. ಆಗ ನಮ್ಮ ಮನೆ ಶಾಮನೂರು ರಸ್ತೆ ಕಡೆ, ಹೊಸ ಬಡಾವಣೆಯಲ್ಲಿತ್ತು. ಕೆಲಸ ಹಳೇ ಊರಿನಲ್ಲಿ. ಅಶೋಕ ರಸ್ತೆಯ ಗೇಟಿನ ಮುಂದೆ ಇಂಜಿನ್ ಆಫ್ ಮಾಡಿ ನಿಲ್ಲುವುದು ಅಂದರೆ ಏನು ಅಂತ ಈ ಊರಿನವರಿಗೆ ಹೇಳಬೇಕಾಗಿಲ್ಲ. ಒಂದು ಸಂಜೆ ಗೇಟ್ ದಾಟಿ ಮನೆ ಮುಟ್ಟಿದೆ. ಸಂತೆ ಚೀಲದಲ್ಲಿ ಕೊತ್ತಂಬರಿ ಇರಲಿಲ್ಲ. ಅಂಗಡಿಯಲ್ಲೇ ಮೇಜಿನ ಮೇಲೆ ಮರೆತು ಬಂದಿದ್ದೆ. ಚಾಳೇಶ್ವರವೂ (ನನ್ನ ಕನ್ನಡಕಕ್ಕೆ ಮನೆಯಲ್ಲಿ ಹಾಗೇ ಅನ್ನುತ್ತಾರೆ) ಅಲ್ಲೇ. ಮತ್ತೆ ಹೋದೆ. ಗೇಟ್ ಬಿತ್ತು. ತಗೊಂಡು ವಾಪಸ್ ಬಂದೆ. ಮತ್ತೆ ಬಿತ್ತು. ನನ್ನ ಪಕ್ಕದಲ್ಲೇ ಒಬ್ಬ ಅಜ್ಜ ಮಂಡಕ್ಕಿ ಪೊಟ್ಟಣ ಹಿಡಿದು, ತಿನ್ನುತ್ತಾ ನಿಂತಿದ್ದ. ರೈಲು ಹೋದ ಮೇಲೆ ಎಲ್ಲರೂ ಹಾರ್ನ್ ಹೊಡೆಯುತ್ತಾ ಒಬ್ಬರ ಮೇಲೊಬ್ಬರು ಬಿದ್ದರೆ ಅವನು ಅದೇ ತಿನ್ನೋ ಲಹರಿಯಲ್ಲಿ ಹಳಿ ದಾಟಿ ಹೋದ. ನನಗೆ ಹೊಟ್ಟೆಕಿಚ್ಚಾಯಿತು. ನಿಜ ಹೇಳಬೇಕು ಅಂದರೆ ಎಲ್ಲಾ ಶುರುವಾಗಿದ್ದು ಆ ಹೊಟ್ಟೆಕಿಚ್ಚಿನಿಂದ.

ಮರುದಿನ ಒಂದು ಹಳೇ ಡೈರಿ ತೆಗೆದು, ಗಾಡಿ ಹೊರಗೆ ತೆಗೆದಾಗಲೆಲ್ಲ ಒಂದು ಗೆರೆ, ಪಕ್ಕದಲ್ಲಿ ಕಾರಣ ಬರೆಯುತ್ತಾ ಹೋದೆ. ತಿಂಗಳಿಗೆ ಕಾರು, ಸ್ಕೂಟರ್ ಎರಡೂ ಸೇರಿ 143 ಸಲ. ಕೆಲಸಕ್ಕೆ ಹೋಗಿ ಬಂದದ್ದು 52. ಮರೆತದ್ದನ್ನು ತರೋಕೆ ಹೋದದ್ದು 17. ಉಳಿದದ್ದು ಹಾಲು, ಜೆರಾಕ್ಸ್, ಮಾತ್ರೆ, ಯಾರದೋ ಮನೆ ಕಾರ್ಯ, 'ಸುಮ್ನೆ ಒಂದು ರೌಂಡು'. ನನ್ನ ಹೆಂಡತಿ ಡೈರಿ ನೋಡಿ, "ಇಷ್ಟು ಸಲ ಹೊರಟಿದ್ರೆ ಕಾಶಿಗಾದ್ರೂ ಹೋಗಿ ಬರಬಹುದಿತ್ತಲ್ರೀ" ಅಂದಳು.

ದುಗ್ಗಮ್ಮನ ಗುಡಿ ಹತ್ತಿರದ ಗಲ್ಲಿಯಲ್ಲಿ ನಮ್ಮಪ್ಪ ಕಟ್ಟಿಸಿದ ಮೂರು ಅಂಕಣದ ಮನೆ ಇತ್ತು. ಬಾಡಿಗೆಯವರು ಬಿಟ್ಟು ಹೋಗಿ ಆರು ತಿಂಗಳಾಗಿತ್ತು. ಅಪ್ಪ ಹತ್ತಿ ಮಿಲ್ಲಿನಲ್ಲಿ ಇದ್ದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ ಅದು. ಆಗ ಮಿಲ್ ಕೂಗಿದರೆ ಅಪ್ಪ ಚಪ್ಪಲಿ ಮೆಟ್ಟುತ್ತಿದ್ದರು, ಇನ್ನೊಂದು ಸಲ ಕೂಗಿದರೆ ಅವ್ವ ಒಲೆ ಹೊತ್ತಿಸುತ್ತಿದ್ದಳು. ಮನೆಯಲ್ಲಿ ಗಡಿಯಾರ ಇತ್ತು, ಆದರೆ ಯಾರೂ ಅದಕ್ಕೆ ಕೀಲಿ ಕೊಡುತ್ತಿರಲಿಲ್ಲ. ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಕೂಗೂ ನಿಂತಿತು. ನಾನು ಬುದ್ಧಿವಂತನಾಗಿ ಊರಾಚೆ ಸೈಟು ತಗೊಂಡೆ.

ವಾಪಸ್ ಆ ಮನೆಗೆ ಹೋಗೋಣ ಅಂದಾಗ ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ, "ಅಪ್ಪಾಜಿ, ಎಲ್ಲರೂ ಮುಂದಕ್ಕೆ ಹೋದ್ರೆ ನೀವು ಹಿಂದಕ್ಕೆ ಹೋಗ್ತೀರಲ್ಲ" ಅಂದ. ಹೆಂಡತಿಯ ತಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಭಾವ, ಸಾಲ ಏನಾರ ಜಾಸ್ತಿ ಆಯ್ತೇನ್ರಿ?" ಅಂತ ಮೆಲ್ಲಗೆ ಕೇಳಿದ. ಸಾಲ ಇತ್ತು, ಕಾರಿನದು. ತಿಂಗಳಿಗೆ 9,400 ಕಂತು. ಕಾರು ಮಾರಿ ಅದನ್ನು ತೀರಿಸಿದೆ, ದೊಡ್ಡ ಮನೆ ಬಾಡಿಗೆಗೆ ಕೊಟ್ಟೆ. 2022ರ ಯುಗಾದಿ ಕಳೆದ ಮೇಲೆ ಹಳೇ ಮನೆಯಲ್ಲಿ ಹಾಲುಕ್ಕಿಸಿದೆವು. ಒಂದು ಸ್ಕೂಟರ್ ಇಟ್ಟುಕೊಂಡಿದ್ದೇವೆ. ಕಾರಣವಿಲ್ಲದೆ ಅದನ್ನು ಹೊರಗೆ ತೆಗೆಯಲ್ಲ, ಅಷ್ಟೇ. ನಡೆದು ಹೋದರೆ ಸಿಗುವಷ್ಟರಲ್ಲೇ ದಿನದ ಬದುಕು ನಡೆಯಬೇಕು ಅಂತ ನಮ್ಮಿಬ್ಬರ ಒಪ್ಪಂದ.

ಈಗ ನಾನು ಮಾಡಿದ ತಪ್ಪಿಗೆ ಬರುತ್ತೇನೆ. ಹತ್ತು ಅಂಕಣದಷ್ಟು ಸಾಮಾನನ್ನು ಮೂರು ಅಂಕಣಕ್ಕೆ ತುಂಬುವುದು ಹೇಗೆ? ಅಟ್ಟದಿಂದ ಇಳಿಸಿದರೆ ಸ್ಟೀಲ್ ತಟ್ಟೆಗಳೇ 41 ಇದ್ದವು. ಎಲ್ಲಾ ಮುಯ್ಯಿ ಬಂದದ್ದು. ಮದುವೆ, ಗೃಹಪ್ರವೇಶ, ಮಗಳ ಮದುವೆ. ಪ್ರತಿಯೊಂದರ ಅಂಚಿನಲ್ಲೂ ಚುಕ್ಕಿ ಚುಕ್ಕಿ ಅಕ್ಷರದಲ್ಲಿ ಕೊಟ್ಟವರ ಹೆಸರು, ತಾರೀಖು. ಅರ್ಧ ಹೆಸರು ಯಾರದು ಅಂತ ನಮಗೇ ಗೊತ್ತಾಗಲಿಲ್ಲ. ಕೈಗೆ ಸಿಕ್ಕ ಹನ್ನೆರಡು ಇಟ್ಟುಕೊಂಡು 29 ತಟ್ಟೆ ಒಂದು ಸಮುದಾಯ ಭವನಕ್ಕೆ ಕೊಟ್ಟೆವು. ಇಲ್ಲಿಯವರೆಗೆ ಸರಿ. ಹುರುಪು ಬಂದು ಬಿಟ್ಟಿತ್ತು ನೋಡಿ, ಮರುದಿನ ಹೆಂಡತಿ ತಂಗಿ ಮನೆಗೆ ಹೋದಾಗ ಗುಜರಿಯವನನ್ನು ಕರೆದು ಉಳಿದದ್ದೆಲ್ಲ ತೂಕಕ್ಕೆ ಹಾಕಿದೆ. ಅದರಲ್ಲಿ ತಳ ಸವೆದ ಒಂದು ಹಿತ್ತಾಳೆ ಕೊಳಗ ಇತ್ತು. ಹತ್ತು ವರ್ಷದಿಂದ ಅಟ್ಟ ಇಳಿದಿರಲಿಲ್ಲ.

ಅದು ಅವಳ ಅವ್ವನದು. ಬಾಣಂತನಕ್ಕೆ ಹೋದಾಗ ನೀರು ಕಾಯಿಸಿದ್ದು ಅದರಲ್ಲೇ.

ಒಂಬತ್ತು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ತಟ್ಟೆಗೆ ಬಡಿಸುತ್ತಿದ್ದಳು, ನೀರು ಇಡುತ್ತಿದ್ದಳು, ಮಾತಿಲ್ಲ. ಗುಜರಿಯವನನ್ನು ಹುಡುಕಿ ಹೋದೆ, ಅವನು ಆಗಲೇ ಮುಂದಕ್ಕೆ ದಾಟಿಸಿದ್ದ. ಪಾತ್ರೆ ಅಂಗಡಿಗಳನ್ನು ಸುತ್ತಿ ಅದೇ ಅಳತೆಯ ಹಳೇ ಕೊಳಗ ಒಂದನ್ನು ತಂದೆ. ಅದರ ಕಂಠದ ಮೇಲೆ ಕೈಯಾಡಿಸಿ ನೋಡಿ, "ಇದು ಚೆನ್ನಾಗೈತಿ. ಅದಲ್ಲ" ಅಂದಳು. ಹತ್ತನೇ ದಿನದ ಮೊದಲ ಮಾತು ಅದು. ಅವತ್ತಿನಿಂದ ನಾನು ನನ್ನ ಸಾಮಾನು ಬಿಟ್ಟು ಬೇರೆಯವರ ಸಾಮಾನಿಗೆ ಕೈ ಹಾಕಿಲ್ಲ. ನನ್ನದು ಅಂತ ಇದ್ದದ್ದು ಬಟ್ಟೆ, ಕಾಗದ, ಕೆಟ್ಟ ರೇಡಿಯೋ, ಒಂದಿಷ್ಟು ವೈರು. ಒಂದು ಭಾನುವಾರದ ಕೆಲಸ ಅದು.

ಸಾಮಾನು ಕಡಿಮೆ ಮಾಡುವುದಕ್ಕಿಂತ ಮನೆಗೆ ಬರುವುದನ್ನು ಬಾಗಿಲಲ್ಲೇ ತಡೆಯುವುದು ನನಗೆ ಕಷ್ಟವಾಯಿತು. ಕಿರಾಣಿ ಮಂಡಿಯಲ್ಲಿ ಕೂತವನು ನಾನು. ಸಕ್ಕರೆ ಮೂಟೆ, ಎಣ್ಣೆ ಟಿನ್ನು, ಬೇಳೆ ಇಪ್ಪತ್ತೈದು ಕಿಲೋ, ಎಲ್ಲಾ ಅಸಲಿಗೇ ಸಿಗುತ್ತದೆ. ಅಗ್ಗಕ್ಕೆ ಸಿಕ್ಕಿತು ಅಂತ ತಂದು ತಂದು ಹಾಕುತ್ತಿದ್ದೆ. ಮಳೆಗಾಲ ಬಂದರೆ ಬೇಳೆಗೆ ಹುಳ, ರವೆಗೆ ಬಲೆ, ಅವಳು ಮೊರ ಹಿಡಿದು ಇಡೀ ಮಧ್ಯಾಹ್ನ ಕೇರುವುದು. ಆ ಮಧ್ಯಾಹ್ನಗಳನ್ನು ನಾನು ಎಂದೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಇದನ್ನು ಬಿಡಿಸಿದ್ದು ಮಂಡಕ್ಕಿ. ನಗಬೇಡಿ. ನಮ್ಮೂರಲ್ಲಿ ಮಂಡಕ್ಕಿ ಭಟ್ಟಿಗಳು ಊರೊಳಗೇ ಇವೆ. ಉಪ್ಪುನೀರು ಕಂಡ ಅಕ್ಕಿ ಕಾದ ಮರಳಿಗೆ ಬಿದ್ದು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಅರಳುತ್ತದೆ. ಅದನ್ನು ಯಾರೂ ವರ್ಷಕ್ಕಾಗುವಷ್ಟು ತಂದಿಡಲ್ಲ. ಎರಡು ದಿನ ಗಾಳಿ ಆಡಿದರೆ ಮೆತ್ತಗಾಗುತ್ತದೆ. ಜುಲೈ ತಿಂಗಳಲ್ಲಂತೂ ಸಂಜೆ ತಂದದ್ದು ಬೆಳಿಗ್ಗೆಗೆ ರಬ್ಬರು. ಹಾಗಾಗಿ ಇಡೀ ಊರು ಅದನ್ನು ಬೇಕಾದಾಗ, ಬೇಕಾದಷ್ಟೇ ತರುತ್ತದೆ. ಬಡವರು, ಸಾಹುಕಾರರು ಎಲ್ಲರೂ. ಇದನ್ನೇ ಬೇರೆ ಪದಾರ್ಥಕ್ಕೂ ಮಾಡಿದರೆ ಏನಾಗುತ್ತದೆ ಅಂತ ನೋಡಿದೆವು.

ಮೊದಲು ಜೋಳ. ಮುಂಚೆ ಹತ್ತು ಕಿಲೋ ಹಿಟ್ಟು ಒಟ್ಟಿಗೆ ಬೀಸಿಸಿ ಡಬ್ಬಿಗೆ ಹಾಕುತ್ತಿದ್ದೆವು. ಕೊನೆ ಕೊನೆಗೆ ಹಿಟ್ಟಿನ ಜಿಗಿ ಹೋಗಿ ರೊಟ್ಟಿ ತಟ್ಟುವಾಗಲೇ ಅಂಚು ಬಿರಿಯುತ್ತಿತ್ತು. ಕೈ ಸರಿಯಿಲ್ಲ ಅಂತ ಅವಳು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಈಗ ಗಿರಣಿ ಗಲ್ಲಿಯ ತುದಿಯಲ್ಲೇ ಇದೆ. ವಾರಕ್ಕೆ ಎರಡು ಕಿಲೋ ಜೋಳ ನಾನೇ ಹೊತ್ತು ಹೋಗುತ್ತೇನೆ. ಹಿಟ್ಟು ಬೆಚ್ಚಗಿರುವಾಗಲೇ ಮನೆಗೆ ಬರುತ್ತದೆ. ರೊಟ್ಟಿ ಈಗ ಹರಿಯಲ್ಲ, ಹಂಚಿನ ಮೇಲೆ ಉಬ್ಬುತ್ತದೆ. ಅವಳ ಕೈಯಲ್ಲಿ ಯಾವತ್ತೂ ತಪ್ಪು ಇರಲಿಲ್ಲ. ಬೇಳೆ, ಎಣ್ಣೆ, ಸಕ್ಕರೆ ಹದಿನೈದು ದಿನಕ್ಕೆ. ತರಕಾರಿ ಎರಡು ದಿನಕ್ಕೆ. ಕಿಲೋಗೆ ಒಂದೆರಡು ರೂಪಾಯಿ ಜಾಸ್ತಿ ಬೀಳುತ್ತದೆ, ಲೆಕ್ಕದವನು ನಾನು, ನನಗೆ ಗೊತ್ತಿದೆ. ಆದರೆ ಚೆಲ್ಲುವುದು ಪೂರಾ ನಿಂತಿತು. ಫ್ರಿಜ್ಜಿನ ಹಿಂಭಾಗ ಕಾಣಿಸುತ್ತದೆ. ಬಟ್ಟೆ, ಫೋನು ಕಡಿಮೆ ಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ, ನಾನು ಹೇಳಲ್ಲ.

ಬೆಣ್ಣೆದೋಸೆ ಬಿಟ್ಟಿದ್ದೀರಾ ಅಂತ ಕೆಲವರು ಕೇಳಿದರು. ಯಾಕೆ ಬಿಡಬೇಕು? ಮನೆಯಲ್ಲಿ ಫ್ರಿಜ್ ತುಂಬ ಬೆಣ್ಣೆ ಇಟ್ಟುಕೊಂಡಿಲ್ಲ ಅಷ್ಟೇ. ತಿಂಗಳಿಗೆ ಎರಡು ಭಾನುವಾರ ನಡೆದು ಹೋಗಿ, ಬೆಂಚಿನ ಮೇಲೆ ಕೂತು, ಬಿಸಿ ಬಿಸಿ ತಿಂದು, ನಡೆದು ಬರುತ್ತೇವೆ.

ನೀರಿನ ವಿಷಯ ಹೇಳಲೇಬೇಕು. ಭದ್ರಾ ನಾಲೆಯ ನೀರು ಕುಂದವಾಡ ಕೆರೆಗೆ ಬಂದು ಅಲ್ಲಿಂದ ಊರಿಗೆ ಬರುತ್ತದೆ ಅನ್ನುವುದು ನನಗೆ ಪುಸ್ತಕದ ವಿಷಯವಾಗಿತ್ತು. ದೊಡ್ಡ ಮನೆಯಲ್ಲಿ ಸಂಪು, ಬೋರು, ಮೇಲೆ ಟ್ಯಾಂಕು. ಇಲ್ಲಿ ನಲ್ಲಿ ನೀರು ದಿನಾ ಬರಲ್ಲ. ಬಂದ ದಿನ ಎರಡು ಡ್ರಮ್ಮು, ಒಂದು ಹಂಡೆ, ಕುಡಿಯಲು ನಾಲ್ಕು ಕೊಡ. ಮೊದಲ ತಿಂಗಳು ಮೂರನೇ ದಿನಕ್ಕೇ ಡ್ರಮ್ಮಿನ ತಳ ಕಂಡಿತು. ನಲ್ಲಿ ಬಿಟ್ಟುಕೊಂಡು ಹಲ್ಲುಜ್ಜುವ ಚಾಳಿ ನನ್ನದು. ಈಗ ಚೊಂಬು ಹಿಡಿದರೆ ಎಷ್ಟು ನೀರು ಅಂತ ಕೈಗೇ ಗೊತ್ತಾಗುತ್ತದೆ. ಇದರಲ್ಲಿ ಸುಖ ಇದೆ ಅಂತ ಸುಳ್ಳು ಹೇಳಲ್ಲ. ಏಪ್ರಿಲ್‌ನಲ್ಲಿ ಬೈದುಕೊಂಡೇ ತುಂಬುತ್ತೇನೆ. ಆದರೆ ನೀರು ಬಂದ ತಕ್ಷಣ ಪಕ್ಕದ ಮನೆ ಅಜ್ಜಿ "ನೀರ್ ಬಂತ್ರೋ" ಅಂತ ಕೂಗುತ್ತಾಳಲ್ಲ, ಆಗ ಇಡೀ ಗಲ್ಲಿ ಎದ್ದು ನಿಲ್ಲುತ್ತದೆ. ಹೊಸ ಬಡಾವಣೆಯಲ್ಲಿ ಹದಿನಾಲ್ಕು ವರ್ಷ ಇದ್ದು ಎದುರು ಮನೆಯವರ ದನಿ ಕೇಳಿರಲಿಲ್ಲ ನಾನು.

ಎಲ್ಲಕ್ಕಿಂತ ದೊಡ್ಡ ಲಾಭ ಮಧ್ಯಾಹ್ನದ ಊಟ. ಇಪ್ಪತ್ತೆರಡು ವರ್ಷ ಡಬ್ಬಿಯ ತಣ್ಣನೆ ಅನ್ನ ತಿಂದಿದ್ದೆ. ಈಗ ಒಂದೂವರೆಗೆ ಅಂಗಡಿ ಬಿಟ್ಟರೆ ಹತ್ತು ಹನ್ನೆರಡು ನಿಮಿಷಕ್ಕೆ ಗಲ್ಲಿಯ ಮೂಲೆ. ಅಲ್ಲಿಗೆ ರೊಟ್ಟಿ ಬಡಿಯುವ ಸದ್ದು ಕೇಳಿಸುತ್ತದೆ. ಪಟ್ ಪಟ್ ಪಟ್, ಆಮೇಲೆ ತಿರುಗಿಸಲು ಒಂದು ಚೂರು ನಿಲ್ಲುತ್ತದೆ, ಮತ್ತೆ ಪಟ್ ಪಟ್. ಸದ್ದಿನ ಮೇಲೆ ಎಷ್ಟನೇ ರೊಟ್ಟಿ ಅಂತ ಹೇಳಬಲ್ಲೆ. ಮೊದಲನೆಯದು ನಿಧಾನ, ಮೂರನೆಯ ಹೊತ್ತಿಗೆ ಲಯ ಸಿಕ್ಕಿರುತ್ತದೆ. ಕೈಕಾಲು ತೊಳೆದು ಕೂತರೆ ಹಂಚಿನಿಂದ ನೇರ ತಟ್ಟೆಗೆ. ಜೊತೆಗೆ ಶೇಂಗಾ ಚಟ್ನಿಪುಡಿ, ಮೊಸರು, ಹಸಿ ಈರುಳ್ಳಿ. ಪಲ್ಯ ಇದ್ದರೆ ಇತ್ತು. ಇಪ್ಪತ್ತು ನಿಮಿಷ ಜಗುಲಿಯ ಮೇಲೆ ಅಡ್ಡಾಗಿ ಮತ್ತೆ ಅಂಗಡಿಗೆ. ಹಿಂದೆ ಆ ಹೊತ್ತಿನಲ್ಲಿ ನಾನು ಕುರ್ಚಿಯಲ್ಲೇ ತೂಕಡಿಸಿ ಲೆಕ್ಕ ತಪ್ಪಿಸುತ್ತಿದ್ದೆ.

ಆಗದ ಕೆಲಸವೂ ಇದೆ. ಒಂದು ರಾತ್ರಿ ಎರಡು ಗಂಟೆಗೆ ಅವಳಿಗೆ ಎದೆ ಹಿಡಿದಂತಾಯಿತು. ಆಟೋ ಸಿಗಲಿಲ್ಲ. ಸ್ಕೂಟರ್ ಮೇಲೆ ಕೂರಿಸುವ ಸ್ಥಿತಿ ಇರಲಿಲ್ಲ. ಮಾರಿದ ಕಾರು ಕಣ್ಣ ಮುಂದೆ ಬಂತು. ಕೊನೆಗೆ ಗಲ್ಲಿಯ ಹುಡುಗನೊಬ್ಬ ತನ್ನ ತರಕಾರಿ ಗೂಡ್ಸ್ ಆಟೋದಲ್ಲಿ ಖಾಲಿ ಚೀಲ ಹಾಸಿ ಕರೆದುಕೊಂಡು ಹೋದ. ಗ್ಯಾಸ್ಟ್ರಿಕ್ ಅಂದರು ಡಾಕ್ಟರು. ಬೆಳಿಗ್ಗೆ ವಾಪಸ್ ಬಂದೆವು. ಆದರೆ ಆ ಅರ್ಧ ಗಂಟೆ ನಾನು ಮರೆತಿಲ್ಲ. ಈಗಲೂ ಯಾರಾದರೂ ಕಾರು ಮಾರಲಾ ಅಂತ ಕೇಳಿದರೆ ಮನೆಯಲ್ಲಿ ಕಾಯಿಲೆಯವರು ಇದ್ದಾರಾ ಅಂತ ಮೊದಲು ಕೇಳುತ್ತೇನೆ.

ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. 2024ರ ಜಾತ್ರೆ ಈ ಮನೆಯಲ್ಲಿ ನಮಗೆ ಮೊದಲನೆಯದು. ಗುಡಿ ಹತ್ತಿರ ಮನೆ ಇದ್ದ ಮೇಲೆ ನೆಂಟರು ಬಿಡುತ್ತಾರಾ? ಹತ್ತೊಂಬತ್ತು ಜನ. ತಟ್ಟೆ ಹನ್ನೆರಡು. ಎರಡು ಪಂಕ್ತಿ ಹಾಕಿದೆವು. ಮೊದಲ ಪಂಕ್ತಿ ಎದ್ದ ಮೇಲೆ ಮಕ್ಕಳೆಲ್ಲ ತಟ್ಟೆ ತೊಳೆದುಕೊಟ್ಟರು. ಮಲಗಲು ಮಾಳಿಗೆ ಇತ್ತು. ತಮಟೆ, ಮೈಕು, ಯಾರಿಗೂ ನಿದ್ದೆಯ ಚಿಂತೆ ಇರಲಿಲ್ಲ.

ಎರಡನೇ ಪಂಕ್ತಿಯಲ್ಲಿ ಹರಿಹರದ ಕಡೆಯ ದೂರದ ನೆಂಟರೊಬ್ಬರು ಉಣ್ಣುವುದು ಬಿಟ್ಟು ತಟ್ಟೆಯ ಅಂಚನ್ನೇ ನೋಡುತ್ತಾ ಕೂತರು. ಏನಾಯ್ತೋ, ಕೂದಲು ಗೀದಲು ಇತ್ತೇನೋ ಅಂತ ನಾನು ಹತ್ತಿರ ಹೋದೆ. "ಇದು ನಮ್ಮಪ್ಪಾರ ಹೆಸ್ರು" ಅಂದರು. 1996, ನಮ್ಮ ಮದುವೆಯ ತಾರೀಖು. ಅವರ ತಂದೆ ತೀರಿ ಹದಿನೈದು ವರ್ಷವಾಗಿತ್ತಂತೆ. "ಮನೆ ಪಾಲಾದಾಗ ಸಾಮಾನೆಲ್ಲ ಹಂಚಿಹೋದ್ವು. ಅವ್ರ ಹೆಸ್ರಿರೋದು ಒಂದೂ ಉಳಿದಿಲ್ಲ ನೋಡ್ರಿ" ಅಂದು ಮತ್ತೆ ಊಟಕ್ಕೆ ಕೈ ಹಾಕಿದರು. ಕೇಳಲಿಲ್ಲ, ಬರೀ ಹೇಳಿದರು.

ಮರುದಿನ ಅವರು ಹೊರಟಾಗ ನನ್ನ ಹೆಂಡತಿ ಆ ತಟ್ಟೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು ತಂದಳು. ಬರಿದು ಕೊಡಬಾರದು ಅಂತ ಅದರ ತುಂಬ ಮಂಡಕ್ಕಿ ಸುರಿದು, ಮೇಲೆ ಎರಡು ಬಾಳೆಹಣ್ಣು ಇಟ್ಟು, ಪೇಪರಿನಲ್ಲಿ ಕಟ್ಟಿ ಅವರ ಕೈಗೆ ಕೊಟ್ಟಳು. ನನ್ನ ಕಡೆ ಒಂದು ಸಲ ನೋಡಿದಳು, ಏನೂ ಅನ್ನಲಿಲ್ಲ. ಅವರು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ ಸ್ಟ್ಯಾಂಡ್ ಕಡೆ ನಡೆದರು.

ಈಗ ನಮ್ಮ ಗೂಡಿನಲ್ಲಿ ಹನ್ನೊಂದು ತಟ್ಟೆ ಇವೆ.